ಆಮೇಲಣ್ಣನ ನಾಲ್ಕು ಡಿಸ್ಕುಗಳು

ಯಾರು ಏನೇ ಹೇಳಲಿ, ಹೇಳಿದವರು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರು ಕತ್ತನ್ನು ತುಸುವೇ ಎಡಕ್ಕೆ ವಾಲಿಸಿ, ಕನ್ನಡಕದ ಮೇಲಂಚಿನಿಂದ ನೋಡಿ, "ಆಮೇಲೆ?" ಎನ್ನುತ್ತಿದ್ದರು. ಆ ಪದದಲ್ಲಿ ಕಥೆ ಕೇಳುವ ಮಗುವಿನ ಕುತೂಹಲವಿರಲಿಲ್ಲ. ಹಳೆಯ ಮರದ ಸೇತುವೆಗೆ ಕಾಲಿಡುವ ಮೊದಲು ಹಲಗೆಯನ್ನೊಮ್ಮೆ ಕೋಲಿನಿಂದ ತಟ್ಟಿ ನೋಡುವವನ ಜಾಗರೂಕತೆಯಿತ್ತು. ಮದುವೆ ನಿಶ್ಚಯವಾದ ನರ್ಸೊಬ್ಬಳು ಸಿಹಿಯ ಡಬ್ಬಿ ಹಿಡಿದು ಬಂದು, "ಅಣ್ಣಾ, ಮುಂದಿನ ತಿಂಗಳು ನನ್ನ ಮದುವೆ" ಎಂದಾಗಲೂ ಅಭ್ಯಾಸಬಲದಿಂದ ಅವರ ಬಾಯಿಂದ ಅದೇ ಪದ ಹೊರಬಿದ್ದು, ಹುಡುಗಿ ಕಿವಿಯವರೆಗೆ ಕೆಂಪಾಗಿ, ಸುತ್ತಲಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಸಂಜೆಯಿಂದ ಅವರು ಇಡೀ ಆಸ್ಪತ್ರೆಗೆ ಆಮೇಲಣ್ಣ ಆದರು. ಲೋಪಸಂಧಿ, ಎಂದು ನಾನು ತಮಾಷೆ ಮಾಡಿದೆ. "ಲೋಪ ಎಲ್ಲಿದೆ ತೋರ್ಸಮ್ಮಾ, ಸರಿ ಮಾಡೋಣ" ಎಂದರು ಅವರು, ಗಂಭೀರವಾಗಿಯೇ.

ನಮ್ಮದು ದೊಡ್ಡ ಆಸ್ಪತ್ರೆಯೊಂದರ ಸಣ್ಣ ವಿಭಾಗ. ಗಂಟಲಿನ ಗಡ್ಡೆಯಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾಗಿ ಬಂದವರು ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮುಂಚೆ ನಮ್ಮಲ್ಲಿಗೆ ಬಂದು, ದಪ್ಪ ಪರದೆ ಇಳಿಬಿಟ್ಟ ಕೋಣೆಯಲ್ಲಿ ಕುಳಿತು, ಕೊಟ್ಟ ಪದಗಳನ್ನೂ ವಾಕ್ಯಗಳನ್ನೂ ಓದಿ, ಮನೆಮಂದಿಯ ಹೆಸರುಗಳನ್ನು ಒಂದೊಂದಾಗಿ ಕರೆದು, ತಮ್ಮ ದನಿಯನ್ನು ನಮ್ಮ ವಶಕ್ಕೆ ಕೊಟ್ಟು ಹೋಗುತ್ತಿದ್ದರು. ಮುಂದೆ ಅವರು ಕೈಯಲ್ಲಿ ಹಿಡಿಯುವ ಮಾತಿನ ಯಂತ್ರಕ್ಕೆ ಅವರದೇ ದನಿಯನ್ನು ತುಂಬಿಕೊಡುವುದು ನಮ್ಮ ಕೆಲಸ. ನಾನು ಮಾತಿನ ಚಿಕಿತ್ಸಕಿ. ಆಮೇಲಣ್ಣ ಧ್ವನಿಮುದ್ರಣದ ತಂತ್ರಜ್ಞರು, ಮತ್ತು ಮುದ್ರಿಸಿದ್ದೆಲ್ಲವನ್ನೂ ಇಟ್ಟುಕೊಳ್ಳುವ ಸರ್ವರಿನ ಒಡೆಯರು. ಸರ್ವರ್ ಎಂದರೆ ಏನೋ ಮಹತ್ತಾದದ್ದೆಂದು ಭಾವಿಸಬೇಕಾಗಿಲ್ಲ. ಹಿಂದೊಮ್ಮೆ ಚಾದರ, ದಿಂಬಿನ ಚೀಲ ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆ, ಅದರ ಹಲಗೆಯ ಮೇಲೆ ಬ್ರೆಡ್ಡಿನ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಕರಿಯ ಪೆಟ್ಟಿಗೆ. ಬೆಳಿಗ್ಗೆ ಬಂದೊಡನೆ ಅವರು ಜ್ವರ ಬಂದ ಹಣೆಯನ್ನು ಮುಟ್ಟುವಂತೆ ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಒಳಗಿನ ಡಿಸ್ಕುಗಳ ಸದ್ದನ್ನು ಒಂದು ನಿಮಿಷ ಆಲಿಸುವರು. ಆ ಹೊತ್ತಿನಲ್ಲಿ ವಿಭಾಗದ ಮುಖ್ಯಸ್ಥೆಯೇ ಕರೆದರೂ ಉತ್ತರ ಬರುತ್ತಿರಲಿಲ್ಲ.

ಅವರ ನಡಿಗೆ ಗೋಡೆಯ ನಡಿಗೆ. ಓಣಿಯ ನಡುಭಾಗ ರೋಗಿಗಳ ಗಾಲಿಮಂಚಕ್ಕೆ ಸೇರಿದ್ದೆಂಬ ನಿಶ್ಚಯದಿಂದ, ಓಣಿ ಖಾಲಿಯಿದ್ದಾಗಲೂ ಎಡಭುಜ ಗೋಡೆಗೆ ತಾಗುವಷ್ಟು ಬದಿಗೆ ಸರಿದು ನಡೆಯುತ್ತಿದ್ದರು. ಅವರ ಕಂದು ಕೋಟಿನ ಎಡತೋಳು ಅದರಿಂದಲೇ ಬಲತೋಳಿಗಿಂತ ಒಂದು ಛಾಯೆ ತಿಳಿಯಾಗಿ, ಸುಣ್ಣದ ನೆನಪನ್ನು ಹೊತ್ತಂತೆ ಕಾಣುತ್ತಿತ್ತು. ಬಿರುಬೇಸಗೆಯಲ್ಲೂ ಆ ಕೋಟು ಮೈಬಿಟ್ಟು ಇಳಿಯುತ್ತಿರಲಿಲ್ಲ. ಅದರ ಒಳಜೇಬಿಗೆ ಅವರ ಹೆಂಡತಿ ಮೆತ್ತನೆಯ ಫ್ಲಾನೆಲ್ ಬಟ್ಟೆಯ ಅಸ್ತರಿ ಹೊಲಿದುಕೊಟ್ಟಿದ್ದರು. ಪ್ರತಿ ಶುಕ್ರವಾರ ಸಂಜೆ ಸರ್ವರಿನಲ್ಲಿರುವುದೆಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸಿ, ಪಾಸ್‌ವರ್ಡಿನ ಬೀಗ ಹಾಕಿ, ಆ ಜೇಬಿನಲ್ಲಿಟ್ಟುಕೊಂಡು, ಎರಡು ಬೀದಿಯಾಚೆ ಇದ್ದ ನಮ್ಮದೇ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ನಡೆದು ಹೋಗಿ, ಅಲ್ಲಿನ ಔಷಧಿ ಉಗ್ರಾಣದ ಕಪಾಟಿನಲ್ಲಿಟ್ಟು, ಹಿಂದಿನ ವಾರದ್ದನ್ನು ವಾಪಸು ತರುವುದು ಅವರ ವ್ರತ. ಮಳೆಯಾಗಲಿ, ಮೈಗೆ ಹುಷಾರಿಲ್ಲದಿರಲಿ, ತಪ್ಪಿದ್ದಿಲ್ಲ. ಒಮ್ಮೆ ಆಸ್ಪತ್ರೆಗೆ ಬಂದಿದ್ದ ಅವರ ಹೆಂಡತಿ ನನ್ನೆದುರೇ ಹೇಳಿದರು: "ಇಪ್ಪತ್ತಾರು ವರ್ಷ ಆಯ್ತಮ್ಮಾ, ಎದೆ ಹತ್ರ ನನ್ನ ಫೋಟೋ ಇಟ್ಕೊಂಡಿದ್ದನ್ನ ಒಂದು ದಿನ ನೋಡ್ಲಿಲ್ಲ. ಆ ಡಬ್ಬಿಗೆ ಮಾತ್ರ ಹಾಸಿಗೆ ಹೊಲಿಸ್ಕೊಂಡ್ರು." ಆಮೇಲಣ್ಣ ನೆಲ ನೋಡುತ್ತಾ ನಕ್ಕರು. "ನೀನು ಬಿದ್ರೆ ಎದ್ದು ಬೈತೀಯ. ಅದು ಬಿದ್ರೆ ಎದ್ದೇಳಲ್ಲ" ಎಂದರು.

ಇಂಥವರೊಂದಿಗೆ ನಾನು ಜಗಳವಾಡಿದ್ದು ಒಂದೇ ಸಲ. ಅದೂ ಡಿಸ್ಕುಗಳನ್ನು ಹೇಗೆ ಜೋಡಿಸಬೇಕೆಂಬ ವಿಚಾರಕ್ಕೆ.

ಹಳೆಯ ಪೆಟ್ಟಿಗೆ ತುಂಬಿ ತುಳುಕುತ್ತಿದ್ದುದರಿಂದ ಹೊಸದೊಂದು ಮಂಜೂರಾಗಿತ್ತು. ಅದರಲ್ಲಿ ನಾಲ್ಕು ಗೂಡು, ಗೂಡಿಗೊಂದರಂತೆ ನಾಲ್ಕು ಡಿಸ್ಕು, ಐದನೆಯದಕ್ಕೆ ಎಡೆಯಿಲ್ಲ. ಈ ನಾಲ್ಕನ್ನು ಹೇಗೆ ಹೊಂದಿಸಬೇಕೆಂದು ತೀರ್ಮಾನಿಸಲು ವಿಭಾಗದ ಮುಖ್ಯಸ್ಥೆಯಾದ ಡಾಕ್ಟರಮ್ಮನ ಕೋಣೆಯಲ್ಲಿ ಒಂದು ಮಧ್ಯಾಹ್ನ ನಾಲ್ವರು ಸೇರಿದೆವು: ಡಾಕ್ಟರಮ್ಮ, ಆಸ್ಪತ್ರೆಯ ಕಂಪ್ಯೂಟರ್ ಅಧಿಕಾರಿ, ಆಮೇಲಣ್ಣ ಮತ್ತು ನಾನು. ಅಧಿಕಾರಿ ಚುರುಕಿನ ಮನುಷ್ಯ, ಒಳ್ಳೆಯವರೂ ಹೌದು. ಬಿಳಿಹಲಗೆಯ ಮೇಲೆ ನಾಲ್ಕು ಚೌಕ ಬರೆದು ವಿವರಿಸಿದರು. ಫೈಲುಗಳನ್ನು ಚೂರುಚೂರಾಗಿ ನಾಲ್ಕೂ ಡಿಸ್ಕುಗಳಿಗೆ ಹಂಚುವುದು. ಜೊತೆಗೆ ಒಂದು ಡಿಸ್ಕಿನಷ್ಟು ಜಾಗವನ್ನು ತಾಳೆ ನೋಡುವ ಅಂಕಿಗಳಿಗೆ ಬಿಡುವುದು. ಯಾವುದಾದರೂ ಒಂದು ಡಿಸ್ಕು ಕೆಟ್ಟರೆ ಉಳಿದ ಮೂರು ಆ ಅಂಕಿಗಳ ನೆರವಿನಿಂದ ಕಳೆದದ್ದನ್ನು ಕಂಡುಹಿಡಿದುಕೊಳ್ಳುತ್ತವೆ. ಮೂರು ಡಿಸ್ಕಿನಷ್ಟು ಜಾಗ ನಮ್ಮ ಬಳಕೆಗೆ.

"ಒಂದು ಹೋಯ್ತು ಅಂತಿಟ್ಕೊಳ್ಳಿ, ಕೆಲಸ ನಿಲ್ಲಲ್ಲ" ಎಂದರು ಅಧಿಕಾರಿ.

"ಆಮೇಲೆ?" ಎಂದರು ಆಮೇಲಣ್ಣ.

"ಆಮೇಲೇನು, ಹೊಸದು ಹಾಕ್ತೀವಿ. ಅದು ತಾನಾಗೇ ತುಂಬ್ಕೊಳ್ಳತ್ತೆ."

"ತುಂಬ್ಕೊಳ್ಳೋಕೆ ಎಷ್ಟು ಹೊತ್ತು?"

"ಒಂದು ದಿನ. ಹೆಚ್ಚಂದ್ರೆ ಒಂದೂವರೆ."

"ಆ ಒಂದೂವರೆ ದಿನ ಮಿಕ್ಕ ಮೂರೂ ಉಸಿರು ಬಿಡದಂಗೆ ಓಡ್ಬೇಕು. ನಾಲ್ಕೂ ಒಂದೇ ಪೆಟ್ಟಿಗೇಲಿ ಬಂದಿರೋವು, ಒಂದೇ ವಯಸ್ಸು. ಆಗ ಇನ್ನೊಂದು ಕೈ ಕೊಟ್ರೆ?"

"ಎಲ್ಲಾ ಹೋಗತ್ತೆ, ನಿಜ. ಆದ್ರೆ ಹಾಗಾಗೋದು ತೀರಾ ಅಪರೂಪ."

"ನಮ್ಮಲ್ಲಿಗೆ ಬರೋರೆಲ್ಲ ಆ ಅಪರೂಪ ಆದೋರೇ ಅಲ್ವಾ ಸರ್?"

ಅಧಿಕಾರಿ ಸೋಲುವ ಜಾಯಮಾನದವರಲ್ಲ. ಎರಡು ಡಿಸ್ಕು ಕೆಟ್ಟರೂ ತಡೆದುಕೊಳ್ಳುವ ಇನ್ನೊಂದು ಏರ್ಪಾಡಿದೆ ಎಂದರು, ಅದರಲ್ಲಿ ಎರಡು ಡಿಸ್ಕಿನಷ್ಟೇ ಜಾಗ ಉಳಿಯುತ್ತದೆ ಎಂದೂ ಒಪ್ಪಿಕೊಂಡರು. ಅಷ್ಟೇ ಜಾಗ ಉಳಿಯುವುದಾದರೆ ತಮ್ಮ ಜೋಡಿಯೇ ಮೇಲು ಎಂದರು ಆಮೇಲಣ್ಣ. ಅವರ ಏರ್ಪಾಡು ತೀರ ಸರಳ: ಎರಡೆರಡರಂತೆ ಎರಡು ಜೋಡಿ, ಜೋಡಿಯಲ್ಲಿ ಒಂದು ಬರೆದದ್ದನ್ನೇ ಇನ್ನೊಂದು ಅಕ್ಷರ ಬಿಡದೆ ಬರೆದುಕೊಳ್ಳುವುದು, ಕನ್ನಡಿಯ ಹಾಗೆ. ಒಂದು ಜೋಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಜೋಡಿಯ ಎರಡು ಡಿಸ್ಕುಗಳನ್ನು ಮಾತ್ರ ಬೇರೆ ಬೇರೆ ಅಂಗಡಿಯಿಂದ, ಬೇರೆ ಬೇರೆ ತಿಂಗಳಲ್ಲಿ ತರಬೇಕು.

"ಡಿಸ್ಕು ಬಿಡಿ, ಈ ಪೆಟ್ಟಿಗೇನೇ ಕೆಟ್ಟು ಕೂತ್ರೆ?" ಎಂದರು. "ಚೂರು ಮಾಡಿ ಹಂಚಿದ್ದು, ಆ ಡಿಸ್ಕುಗಳೆಲ್ಲ ಮತ್ತೆ ಒಟ್ಟಿಗೆ ಕೂತು ಮಾತಾಡ್ಕೊಂಡ್ರೇನೇ ಸಿಗೋದು. ಜೋಡೀಲಿ ಒಂದನ್ನ ಕಿತ್ತು ಬೇರೆ ಯಾವ ಕಂಪ್ಯೂಟರಿಗೆ ಸಿಕ್ಕಿಸಿದ್ರೂ ದನಿ ಇಡಿಯಾಗಿ ಸಿಗತ್ತೆ. ಲೆಕ್ಕ ಹಾಕಿ ಹುಡುಕ್ಬೇಕಾದ್ದಕ್ಕಿಂತ ಇಟ್ಟ ಜಾಗದಲ್ಲೇ ಸಿಗೋದು ವಾಸಿ."

ಆಗ ಎದ್ದವಳು ನಾನು. ಜಾಗ ಅರ್ಧಕ್ಕೆ ಇಳಿದರೆ ಏನನ್ನು ಅಳಿಸಬೇಕಾಗುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬಂದವರು ಪಟ್ಟಿಯಲ್ಲಿನ ಪದಗಳನ್ನು ಓದುವಾಗ ಶಾಲೆಯ ತನಿಖಾಧಿಕಾರಿಯ ಮುಂದೆ ನಿಂತ ಮಕ್ಕಳಂತೆ ಬಿಗಿದುಕೊಂಡಿರುತ್ತಿದ್ದರು. ಅವರ ನಿಜವಾದ ದನಿ ಹೊರಬರುತ್ತಿದ್ದುದು ಪದ ಮತ್ತು ಪದದ ನಡುವೆ. ನೀರು ಕೇಳುವಾಗ, ತಪ್ಪಿ ಓದಿ ತಮ್ಮನ್ನೇ ಬೈದುಕೊಳ್ಳುವಾಗ, ಹೊರಗೆ ಕಾಯುತ್ತಿದ್ದ ಹೆಂಡತಿಯನ್ನು ಕರೆದು "ಛತ್ರಿ ತಂದ್ಯಾ?" ಎನ್ನುವಾಗ. ಪಟ್ಟಿಯ ಪದಗಳನ್ನು ಕತ್ತರಿಸಿಟ್ಟುಕೊಂಡು ಮಿಕ್ಕದ್ದನ್ನು ಅಳಿಸಿದರೆ ಜಾಗವೇನೋ ಸಾಲುತ್ತದೆ.

"ನಿಮ್ಮ ಜೋಡಿಗೆ ಅರ್ಧ ಜಾಗ ಹೋಗತ್ತೆ ಅಣ್ಣಾ" ಎಂದೆ. ನನ್ನ ದನಿ ಏರಿತ್ತು. "ಆ ಅರ್ಧದಲ್ಲೇ ಅವರ ನಗು ಇರೋದು. ನೀವು ಭದ್ರವಾಗಿ ಏನನ್ನ ಇಟ್ಕೊಳ್ತೀರಿ? ಬರೀ ಪಟ್ಟೀನಾ?"

ಡಾಕ್ಟರಮ್ಮ ಇಬ್ಬರನ್ನೂ ಸಮಾಧಾನಪಡಿಸುವ ಧಾಟಿಯಲ್ಲಿ, "ಅಷ್ಟೊಂದು ಯಾಕೆ ಹೆದರ್ತೀರಿ? ಡಿಸ್ಕು ಹೋಗಿ ಯಾವತ್ತಾದ್ರೂ ಹಾಗೆ ಆಗಿದ್ಯಾ?" ಎಂದು ಕೇಳಿದರು.

ಆಗಿತ್ತು. ಡಾಕ್ಟರಮ್ಮನೂ ನಾನೂ ಆ ವಿಭಾಗಕ್ಕೆ ಬರುವುದಕ್ಕೆ ಬಹಳ ಮುಂಚೆ, ಮೊದಲ ವರ್ಷ. ಆಗ ಇದ್ದದ್ದು ಒಂದೇ ಕಂಪ್ಯೂಟರು, ಅದಕ್ಕೊಂದೇ ಡಿಸ್ಕು. ಒಂದು ಸೋಮವಾರ ಅದು ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಮೂವರ ದನಿ ಅದರಲ್ಲಿತ್ತು. ಮೂವರಲ್ಲೊಬ್ಬ ಬಸ್ ಕಂಡಕ್ಟರ್, ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳ ಮೇಲೆ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದ, ತನ್ನ ದನಿಯನ್ನು ಅವಳಿಗೆ ಕೇಳಿಸಲು. ಆಮೇಲಣ್ಣ ಅವನ ಮುಂದೆ ನಿಂತು ಹೇಳಬೇಕಾಯಿತು.

"ಅವನು ಸಿಟ್ಟು ಮಾಡ್ಲಿಲ್ಲ ಡಾಕ್ಟ್ರೇ" ಎಂದರು, ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ. "ಸ್ಲೇಟಿನ ಮೇಲೆ ಬರೆದು ತೋರ್ಸಿದ. ಪರವಾಗಿಲ್ಲ, ನನಗೆ ನೆನಪಿದೆ ಅಂತ. ನಾನು ಆ ಮಗು ಮುಖ ನೋಡ್ದೆ. ಅವನಿಗೇನೋ ನೆನಪಿರತ್ತೆ. ನಾಲ್ಕು ವರ್ಷದ್ದಕ್ಕೆ ಏನು ನೆನಪಿರತ್ತೆ?"

ಡಾಕ್ಟರಮ್ಮ ಹದಿನೈದು ದಿನದ ಗಡುವು ಕೊಟ್ಟರು: ಏನನ್ನೂ ಅಳಿಸದೆ ಜೋಡಿಯಲ್ಲಿ ಜಾಗ ಹೊಂದಿಸಿ ತೋರಿಸಿದರೆ ಜೋಡಿ, ಇಲ್ಲವಾದರೆ ಅಧಿಕಾರಿಗಳ ಏರ್ಪಾಡು.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ನಾಚಿಕೆ. ನಾನು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದೆ, ಅವರು ಇನ್ನಷ್ಟು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಊಟದ ಬಿಡುವಿನಲ್ಲೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹಳೆಯ ಮುದ್ರಿಕೆಗಳನ್ನು ಒಂದಾದ ಮೇಲೊಂದರಂತೆ ಕೇಳುತ್ತಾ ಕುಳಿತಿರುತ್ತಿದ್ದರು. ಏನನ್ನು ಅಳಿಸಬಹುದೆಂದು ಆರಿಸುತ್ತಿದ್ದಾರೆ ಎಂದುಕೊಂಡು ನಾನು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದೆ.

ಹದಿಮೂರನೆಯ ದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದು, ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿದರು. ಯಾರೋ ಅಜ್ಜ ವಾರದ ಹೆಸರುಗಳನ್ನು ಹೇಳುತ್ತಿದ್ದ.

"ಎಡಗಡೇದು ತೆಗಿ. ಈಗ ಬಲಗಡೇದು. ಏನಾದ್ರೂ ವ್ಯತ್ಯಾಸ ಇದ್ಯಾ?"

"ಇಲ್ಲ. ಎರಡೂ ಒಂದೇ."

"ಹೌದಲ್ವಾ! ನಮ್ಮ ಹತ್ರ ಇರೋದು ಒಂದೇ ಮೈಕು. ಆದ್ರೆ ಎಡಕಿವಿಗೊಂದು ಬಲಕಿವಿಗೊಂದು ಅಂತ ಅದನ್ನೇ ಎರಡೆರಡು ಸಲ ಬರೀತಾ ಬಂದಿದೀವಿ, ಇಷ್ಟು ವರ್ಷ. ಇದು ಸಂಗೀತ ಕಚೇರಿ ಅಲ್ಲ ತಾನೇ? ಒಂದನ್ನ ಇಟ್ಕೊಂಡ್ರೆ ಒಂದಕ್ಷರ ಕಳ್ಕೊಳ್ಳಲ್ಲ, ಜಾಗ ಸರಿಯಾಗಿ ಅರ್ಧ." ಇಷ್ಟು ಹೇಳಿ, ನನ್ನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಅವರು ನಕ್ಕದ್ದನ್ನು ನಾನು ಮರೆಯಲಾರೆ, ಮುಖದ ತುಂಬ ಹರಡಿ, ಕೋಟಿನ ಗುಂಡಿಗಳವರೆಗೂ ಇಳಿದಂಥ ನಗು. "ಜೋಡಿ ಬೇಕಾದ ಕಡೆ ಒಂಟಿ ಇಟ್ಟಿದ್ವಿ. ಒಂಟಿ ಸಾಕಾದ ಕಡೆ ಜೋಡಿ. ನಿನ್ನ ನಗು ಎಲ್ಲಾ ಹಾಗೇ ಇರತ್ತೆ ಕಣಮ್ಮಾ, ಒಂದೂ ಅಳಿಸಲ್ಲ."

ಹೊಸ ಪೆಟ್ಟಿಗೆಯಲ್ಲಿ ಎರಡು ಜೋಡಿ ಕೂತವು. ಅಧಿಕಾರಿಗಳೇ ಬಂದು ಕೈಜೋಡಿಸಿದರು. ಹೋಗುವಾಗ "ಇದು ನನಗೆ ಹೊಳೀಲೇ ಇಲ್ಲ ಕಣ್ರೀ" ಎಂದದ್ದು ಅವರ ದೊಡ್ಡತನ. ಸಾವಿರಾರು ಫೈಲುಗಳನ್ನು ಒಂಟಿ ಮಾಡುವ ಕೆಲಸ ಮುಗಿಯಲು ಆರು ವಾರ ಹಿಡಿಯಿತು. ಮುಗಿದ ದಿನ ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಇನ್ನು ಶುಕ್ರವಾರದ ನಡಿಗೆಯ ಅಗತ್ಯವಿಲ್ಲವಲ್ಲ, ಜೋಡಿ ಇದೆಯಲ್ಲ ಎಂದೆ. ಅವರು ಲೋಟವನ್ನು ಕೆಳಗಿಟ್ಟರು. "ಡಿಸ್ಕು ಸತ್ರೆ ಜೋಡಿ ಕಾಪಾಡತ್ತೆ. ನಮ್ಮ ಕೈಯಿಂದ ಕಾಪಾಡಲ್ಲ. ಕನ್ನಡಿ ಮುಂದೆ ನಿಂತು ನೀನು ಹಣೆಬೊಟ್ಟು ಒರೆಸ್ಕೊಂಡ್ರೆ ಕನ್ನಡೀಲಿರೋಳು ಬೇಡ ಅಂತಾಳಾ?"

ಆ ಮಾತು ನನಗೆ ಅರ್ಥವಾದದ್ದು ಮರುವರ್ಷ. ಒಂದು ಸೋಮವಾರ, ತರಬೇತಿಗೆ ಬಂದವರ ಅಭ್ಯಾಸದ ಫೈಲುಗಳನ್ನು ತೆಗೆದುಹಾಕುತ್ತಿದ್ದೆ. ಎಲ್ಲೋ ಗಮನವಿಟ್ಟುಕೊಂಡು, ಪಕ್ಕದ ಫೋಲ್ಡರನ್ನೂ ಸೇರಿಸಿ ಅಳಿಸಿಬಿಟ್ಟೆ. ಅದು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯ ದನಿ. ಹಿಂದಿನ ಮಂಗಳವಾರ ಬಂದು ಮುದ್ರಿಸಿ ಹೋಗಿದ್ದವರು; ಗುರುವಾರ ಅವರ ಶಸ್ತ್ರಚಿಕಿತ್ಸೆ ಮುಗಿದಿತ್ತು. ಎಂದರೆ, ನಾನು ಅಳಿಸಿದ ಗಳಿಗೆಯಲ್ಲಿ ಆ ದನಿ ಅವರ ಕೊರಳಲ್ಲೂ ಉಳಿದಿರಲಿಲ್ಲ. ಮಧ್ಯಾಹ್ನ ಅವರ ಫೈಲು ಹುಡುಕಿ ಸಿಗದಿದ್ದಾಗ ನಾನು ಏನು ಮಾಡಿದೆನೆಂಬುದು ಗೊತ್ತಾಯಿತು. ಜೋಡಿಯ ಒಂದು ಡಿಸ್ಕಿನಲ್ಲಿ ಅಳಿದದ್ದು ಎರಡನೆಯದರಲ್ಲೂ ಅಷ್ಟೇ ನಿಷ್ಠೆಯಿಂದ ಅಳಿದಿತ್ತು.

ಚಾದರದ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ. ಹೇಗೆ ಹೇಳಿದೆನೋ ತಿಳಿಯದು, ಅಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ಆ ಒಂದು ಸಲ, ನಾನು ಮಾತು ಮುಗಿಸಿದ ಮೇಲೆ, ಅವರ ಬಾಯಿಂದ ಅವರ ಪದ ಬರಲಿಲ್ಲ.

"ಊಟ ಮಾಡಿದ್ಯಾ?" ಎಂದರು.

"ಇಲ್ಲ."

"ಮಾಡು. ಅಷ್ಟರಲ್ಲಿ ಬರ್ತೀನಿ."

ನಾನು ಊಟ ಮಾಡಲಿಲ್ಲ. ಓಣಿಯ ಕಿಟಕಿಯಲ್ಲಿ ನಿಂತು, ಅವರು ಬೀದಿಯಲ್ಲೂ ಕಾಂಪೌಂಡಿನ ಗೋಡೆಗೆ ಒತ್ತಿಕೊಂಡೇ ತಿರುವಿನಲ್ಲಿ ಮರೆಯಾದುದನ್ನು ನೋಡಿದೆ. ನಲವತ್ತು ನಿಮಿಷ. ವಾಪಸು ಬಂದು, ಒಳಜೇಬಿನಿಂದ ಶುಕ್ರವಾರದ ಡಿಸ್ಕನ್ನು ತೆಗೆದು, ಅಂಗೈಯಿಂದ ಒರೆಸಿ, ಕಂಪ್ಯೂಟರಿಗೆ ಸಿಕ್ಕಿಸಿದರು. ಮುಖ್ಯೋಪಾಧ್ಯಾಯಿನಿಯ ಫೋಲ್ಡರು ಅದರಲ್ಲಿ ಯಾವ ಆತಂಕವೂ ಇಲ್ಲದೆ ಕೂತಿತ್ತು. ಅದನ್ನು ಸರ್ವರಿಗೆ ತುಂಬಿ, ಸರಿಯಾಗಿದೆಯೇ ಎಂದು ನೋಡಲು ನಡುವೆಲ್ಲಿಂದಲೋ ಕೇಳಿಸಿದರು. ಮೊದಲು ಕುರ್ಚಿಯೊಂದು ಕಿರ್ ಎಂದ ಸದ್ದು, ಹಿಂದೆಯೇ, ಮೂವತ್ತು ವರ್ಷ ಕೊನೆಯ ಬೆಂಚಿನವರೆಗೆ ತಲುಪಿ ಪಳಗಿದ ದನಿ: "ಏಯ್, ಸುಮ್ನಿರು. ನಿನಗೇ ಹೇಳ್ತಿರೋದು. ದೊಡ್ಡೋರು ಮಾತಾಡುವಾಗ ಮಧ್ಯೆ ಬಾಯಿ ಹಾಕ್ಬಾರ್ದು." ಕುರ್ಚಿಗೆ ಗದರಿದ ಆಕೆ ತಮ್ಮ ಗದರಿಕೆಗೆ ತಾವೇ ನಕ್ಕ ನಗು ಕೋಣೆಯನ್ನು ತುಂಬಿತು.

ಆಮೇಲಣ್ಣ ಡಿಸ್ಕನ್ನು ತೆಗೆದು ಜೇಬಿಗೆ ಹಾಕಿಕೊಂಡು ಮತ್ತೆ ಕಣ್ಣಿನ ವಿಭಾಗಕ್ಕೆ ಹೊರಟರು. ಆ ವಿಷಯವನ್ನು ಡಾಕ್ಟರಮ್ಮನಿಗೂ ಹೇಳಲಿಲ್ಲ. ಮರುದಿನ ನಾನೇ ಹೋಗಿ ಹೇಳಿದೆ.

ನಾಲ್ಕು ತಿಂಗಳ ಮೇಲೆ ಮುಖ್ಯೋಪಾಧ್ಯಾಯಿನಿ ಬಂದರು, ಕೊರಳಿಗೆ ತೆಳುವಾದ ವಸ್ತ್ರ ಸುತ್ತಿಕೊಂಡು, ಗಂಡನ ಜೊತೆ. ಅವರ ಯಂತ್ರಕ್ಕೆ ದನಿ ತುಂಬಿಕೊಟ್ಟ ಮೇಲೆ ಕುರ್ಚಿಗೆ ಗದರಿದ ಭಾಗವನ್ನು ಕೇಳಿಸಿದೆ. ಧ್ವನಿವರ್ಧಕದಲ್ಲಿ ಅವರ ನಗು ಗಲಗಲನೆ ಹೊರಬಿತ್ತು. ಅದನ್ನು ಕೇಳಿ ಅವರು ನಕ್ಕರು, ಸದ್ದಿಲ್ಲದೆ, ಭುಜ ಕುಲುಕಿಸಿಕೊಂಡು. ಗಂಡ ಮಾತ್ರ ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಅತ್ತ ತಿರುಗಿಯೇ, "ಮನೇಲಿ ನನ್ನನ್ನ ಬೈಯೋದೂ ಥೇಟ್ ಹೀಗೇನೇ" ಎಂದರು. ಬಾಗಿಲ ಬಳಿ ನಿಂತಿದ್ದ ಆಮೇಲಣ್ಣ ಅಲ್ಲಿಂದ ಯಾವಾಗ ಹೋದರೋ ನಾನು ನೋಡಲಿಲ್ಲ.

ಅವರು ನಿವೃತ್ತರಾಗುವವರೆಗಿನ ಎಂಟು ವರ್ಷಗಳಲ್ಲಿ ಆ ಪೆಟ್ಟಿಗೆಯಲ್ಲಿ ಮೂರು ಡಿಸ್ಕುಗಳು ಸತ್ತವು. ಪ್ರತಿ ಸಲವೂ ಅವರು ಸತ್ತದ್ದನ್ನು ಹೊರಗೆಳೆದು, ಹೊಸದನ್ನು ಕೂರಿಸಿ, ಅದರ ಜೋಡಿ ಅದಕ್ಕೆಲ್ಲವನ್ನೂ ಒಪ್ಪಿಸುವವರೆಗೆ ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ನಮಗೆಲ್ಲ ವಿಷಯ ತಿಳಿಯುತ್ತಿದ್ದುದು ಸಂಜೆಯ ಚಹಾದ ಹೊತ್ತಿಗೆ. ಒಬ್ಬರ ದನಿಯೂ ಹೋಗಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿದರು, ಡಾಕ್ಟರಮ್ಮ ಅವರನ್ನು ಹೊಗಳಿ ಮಾತಾಡಲು ನಿಂತು, ಅವರ ಕಾಲದಲ್ಲಿ ನಡೆದ ಘಟನೆಯೊಂದನ್ನು ಹೇಳಬೇಕೆಂದು ಹೊರಟು, ನೆನಪಿಸಿಕೊಳ್ಳಲು ತಡವರಿಸಿ, "ಏನೂ ಆಗ್ಲೇ ಇಲ್ವಲ್ರೀ ನಿಮ್ಮ ಕಾಲದಲ್ಲಿ!" ಎಂದುಬಿಟ್ಟರು. ಸಭೆ ನಕ್ಕಿತು. ಅವರಿಗೆ ಅದಕ್ಕಿಂತ ದೊಡ್ಡ ಮಾನಪತ್ರ ಬೇಕಿರಲಿಲ್ಲವೆಂದು ನನಗೆ ಅನ್ನಿಸಿತು.

ಎಲ್ಲವೂ ಸರಿಯಾಗಿಯೇ ನಡೆದುಕೊಂಡು ಹೋಗುತ್ತದೆಂದು ನಂಬಿದ ಬಹಳ ಮಂದಿಯನ್ನು ನಾನು ಬದುಕಿನಲ್ಲಿ ಕಂಡಿದ್ದೇನೆ. ಪ್ರಸನ್ನಚಿತ್ತರು, ಸಭೆಗಳಲ್ಲಿ ಅವರ ಮಾತಿಗೆ ತೂಕ, ಜೊತೆಯಲ್ಲಿದ್ದರೆ ಹಗುರ. ಆದರೆ ಏನಾದರೊಂದು ಕೆಟ್ಟ ದಿನ ಅವರ ಮುಖವೇ ಬೇರೆಯಾಗುತ್ತದೆ. ಯಾರು ಮಾಡಿದ್ದೆಂಬುದು ಗೊತ್ತಾಗುವವರೆಗೆ ಅವರಿಗೆ ಇನ್ನೊಂದು ಕೆಲಸಕ್ಕೆ ಕೈಹಾಕಲಾಗುವುದಿಲ್ಲ. ಕಬ್ಬಿಣವೂ ಕೈಯೂ ನೆನಪೂ ಕೆಡುವಂಥವೇ ಎಂದು ಮೊದಲೇ ಒಪ್ಪಿಕೊಂಡವರ ಜಾತಿಯೇ ಬೇರೆ. ನಾವು ಅವರನ್ನು ಶಂಕಾಪಿಶಾಚಿಗಳೆಂದು ಲೇವಡಿ ಮಾಡುತ್ತೇವೆ, ಅಡ್ಡಹೆಸರಿಟ್ಟು ನಗುತ್ತೇವೆ, ಶುಭಕಾರ್ಯದ ಮಾತು ನಡೆಯುವಲ್ಲಿ ಅವರಿಲ್ಲದಿದ್ದರೆ ನಿರಾಳವಾಗುತ್ತೇವೆ. ನಾವು ಯಾವಾಗಲೋ ಮಾಡಲಿರುವ ತಪ್ಪಿಗಾಗಿ ಅವರು ವರ್ಷಗಟ್ಟಲೆ ಮುಂಚೆಯೇ ದುಡಿದಿರುತ್ತಾರೆ. ಆದ್ದರಿಂದ ತಪ್ಪು ನಡೆದ ದಿನ ಅವರಲ್ಲಿ ಸಿಟ್ಟಿಗೆ ಸಾಮಗ್ರಿಯೇ ಉಳಿದಿರುವುದಿಲ್ಲ. ಕ್ಷಮೆಯನ್ನು ಅಂಥವರು ಬಾಯಿಂದ ಆಡುವುದಿಲ್ಲ. ಮುಂಚಿತವಾಗಿಯೇ ಮಾಡಿಟ್ಟಿರುತ್ತಾರೆ.